ಅರ್ಧ ವೇಗದ ತಮಟೆ

ಮೂರು ವಾರ ಮೂಕವಾಗಿದ್ದ ಕಂಪ್ಯೂಟರ್ ಆಟ ಬುಧವಾರ ಮಧ್ಯಾಹ್ನ ಬಾಯಿಬಿಟ್ಟಿತು. ಮಂಟೇಸ್ವಾಮಿಯ ಕಷ್ಟ ಶುರುವಾದದ್ದು ಅಲ್ಲಿಂದ.

ಅದು 2004ನೇ ಇಸವಿ. ನಂಜನಗೂಡಿನಲ್ಲಿ ಕಂಪ್ಯೂಟರ್ ಪಾಠ ಹೇಳಿಕೊಂಡು ಪುಟ್ಟಬಸವಯ್ಯನವರ ಮಹಡಿಯಲ್ಲಿ ಬಾಡಿಗೆಗಿದ್ದ ಅವನು, ಎಲ್ಲೆಲ್ಲಿಯದೋ ದೇಶಗಳ ಜನ ಸಂಬಳವಿಲ್ಲದೆ ಕಟ್ಟುತ್ತಿದ್ದ ಗೇಮ್ ಎಂಜಿನ್ನಿನ, ಅಂದರೆ ಆಟಗಳನ್ನು ಓಡಿಸುವ ತಂತ್ರಾಂಶದ, ಕೆಲಸಕ್ಕೆ ಸೇರಿಕೊಂಡಿದ್ದ. ವಿಂಡೋಸ್‌ನಲ್ಲಿ ಓಡುವ ಆಟಗಳನ್ನು ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ನಲ್ಲೂ ಓಡಿಸಬೇಕಿತ್ತು. ಚಿತ್ರ ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಸದ್ದಿನ ಹೊಣೆ ಇವನದು. ಆ ಬುಧವಾರ ಸಂಜೆ ಐದರೊಳಗೆ ಕಳಿಸಿದರೆ ಕೆಲಸ ಮಾಡಿದವರ ಪಟ್ಟಿಯಲ್ಲಿ ಹೆಸರು. ಆ ಪಟ್ಟಿಯ ಪ್ರಿಂಟನ್ನು ತಿ. ನರಸೀಪುರಕ್ಕೆ ಒಯ್ದು, "ಒತ್ತಾರೆಯಿಂದ ಅದೇನ್ಲಾ ಕುಟ್ತಾ ಕೂತಿರ್ತೀಯೆ?" ಎನ್ನುವ ಅಪ್ಪನ ಮುಂದೆ ಹಿಡಿಯಬೇಕೆಂಬುದು ಅವನ ಆಸೆ.

ಪರೀಕ್ಷೆಗೆ ಬಳಸಿದ್ದು ಊರ ಮಾರಿಹಬ್ಬದ ತಮಟೆಯ ರೆಕಾರ್ಡಿಂಗ್. ಸದ್ದು ಬಂದ ಸಂತೋಷದಲ್ಲಿ ತಾಳ ಎಳೆದಂತಿದ್ದುದನ್ನು ಅವನು ಗಮನಿಸಲಿಲ್ಲ. ನಿಲ್ಲದೆ ನುಡಿಯುತ್ತದೋ ನೋಡೋಣವೆಂದು ದೊಡ್ಡ ಸ್ಪೀಕರಿಗೆ ಹಾಕಿ, ಕೆಳಗೆ ಪುಟ್ಟಬಸವಯ್ಯನವರ ಮನೆಯ ಫೋನಿನ ಲೈನಿನಲ್ಲೇ ಇಂಟರ್ನೆಟ್ಟನ್ನೂ ಹಚ್ಚಿಟ್ಟು, ಊಟ ಮಾಡಿ ಪಾಠಕ್ಕೆ ಹೋದ.

ಎದುರುಮನೆಯ ಚನ್ನಾಜಮ್ಮ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು. ಹಬ್ಬದ ಬಡಿತ ಬೇರೆ, ಹೆಣದ ಮುಂದಿನ ಬಡಿತ ಬೇರೆ. ಇದು ಹೆಣದ ಮುಂದಿನದೇ.

"ಅಯ್ಯೋ ಶಿವನೇ! ಬೆಳಿಗ್ಗೆ ಕೆಮ್ತಾ ಇದ್ರು ಕಣ್ರೀ ಪುಟ್ಟಬಸವಯ್ಯ್ನೋರು!"

ಸುದ್ದಿ ಹದಿನಾರು ಎಂಬ ಹಳ್ಳಿಯಲ್ಲಿದ್ದ ಪುಟ್ಟಬಸವಯ್ಯನವರ ಮಗಳು ರೋಜಾಳಿಗೆ ಮುಟ್ಟಿತು. ಅವಳು ನಿಜವೋ ಸುಳ್ಳೋ ಎಂದು ಹತ್ತು ಸಲ ಫೋನ್ ಮಾಡಿದಳು. ಹತ್ತೂ ಸಲ ಎಂಗೇಜು. "ನೆಂಟ್ರಿಗೆಲ್ಲ ಯೇಳ್ತಾವ್ರೆ!" ಎಂದು ಅಳುತ್ತ ಟೆಂಪೋ ಹತ್ತಿದಳು.

ನಾಲ್ಕಕ್ಕೆ ಮಂಟೇಸ್ವಾಮಿ ಬರುವಾಗ ಬೀದಿಯಗಲಕ್ಕೂ ಶಾಮಿಯಾನ, ಮೂವತ್ತು ಕುರ್ಚಿ, ಹೂವಿನ ಹಾರಗಳು. ಪುಟ್ಟಬಸವಯ್ಯನವರ ಬಾಗಿಲಿಗೆ ಬೀಗ. ಹೆಣ ಆಸ್ಪತ್ರೆಯಿಂದ ಬರುತ್ತಿದೆಯೆಂದು ಕೆಲವರು, ಮಹಡಿಯಲ್ಲಿದೆಯೆಂದು ಕೆಲವರು. ಸಾವಿನ ಮನೆಯಲ್ಲಿ ಯಾರೂ ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಕಾಫಿ ಯಾರ ಮನೆಯಿಂದ ಬರುತ್ತದೆಂದಷ್ಟೇ ಕೇಳುತ್ತಾರೆ.

ಅಷ್ಟರಲ್ಲಿ ಕಪಿಲೆಯಲ್ಲಿ ಸ್ನಾನ ಮುಗಿಸಿ ಪುಟ್ಟಬಸವಯ್ಯ ಬಂದರು. ಶಾಮಿಯಾನ ಕಂಡದ್ದೇ ತಲೆಗೆ ಟವೆಲ್ ಹಾಕಿಕೊಂಡು ಕೊನೆಯ ಕುರ್ಚಿಯಲ್ಲಿ ಕೂತರು.

"ಯಾರವ್ವಾ ತೀರ್ಕಂಡೋರು?" ಎಂದು ಪಕ್ಕದ ಚನ್ನಾಜಮ್ಮನನ್ನು ಮೆಲ್ಲಗೆ ಕೇಳಿದರು.

"ನಮ್ ಪುಟ್ಟಬಸವಯ್ಯ್ನೋರು" ಎಂದು ಮೂಗು ಒರೆಸಿಕೊಂಡು ತಿರುಗಿದ ಚನ್ನಾಜಮ್ಮ ಕುರ್ಚಿಸಮೇತ ಹಿಂದಕ್ಕೆ ಬಿದ್ದರು.

ಮುಂದಿನದೆಲ್ಲ ಮಂಟೇಸ್ವಾಮಿಯ ಪಾಲಿಗೆ. "ಬದುಕಿರೋರ್ಗೆ ತಮಟೆ ಬಡುಸ್ತೀಯಾ?" ಎಂದು ಬೀದಿಗೆ ಬೀದಿಯೇ ಮಹಡಿ ಹತ್ತಿತು. ಪುಟ್ಟಬಸವಯ್ಯನವರು ಮಾತ್ರ ಸ್ಪೀಕರಿಗೆ ಕಿವಿಯಿಟ್ಟು, ನಾಡಿ ಹಿಡಿದ ಪಂಡಿತರಂತೆ ಕಣ್ಣು ಮುಚ್ಚಿದರು.

"ಲೇ, ಇದು ಸಾವಿಂದಲ್ಲ ಕಣ್ಲಾ. ಅಬ್ಬದ್ದೇಯ. ಯಾರೋ ಅರ್ಧಕ್ಕರ್ಧ ನಿಧಾನ ಮಾಡವ್ರೆ."

ಮಂಟೇಸ್ವಾಮಿ ನೋಡಿದ. ಸೆಕೆಂಡಿಗೆ ನಲವತ್ತನಾಲ್ಕು ಸಾವಿರದ ನೂರು ಸದ್ದಿನ ತುಣುಕು ಇರಬೇಕಾದಲ್ಲಿ ಅದರ ಅರ್ಧ ಬರೆದಿದ್ದ. ತಿದ್ದಿದ. ಹಬ್ಬದ ತಮಟೆ ಸಿಡಿಯಿತು. ಅಳಲು ಬಂದಿದ್ದ ರೋಜಾಳೂ ಹಾರ ಹಿಡಿದುಕೊಂಡೇ ಎರಡು ಹೆಜ್ಜೆ ಹಾಕಿದಳು. ಎಲ್ಲರನ್ನೂ ಕೆಳಗಿಳಿಸುವಾಗ ಐದೂ ಹತ್ತು.

ಬೆವರುತ್ತ ಇಂಗ್ಲಿಷಿನಲ್ಲಿ ಪತ್ರ ಬರೆದ: 'ತಡವಾಯಿತು, ಕ್ಷಮಿಸಿ. ಮನೆಯಲ್ಲಿ ಸಾವಿನ ತಮಟೆ. ಬೀದಿಯವರೆಲ್ಲ ಬಂದಿದ್ದರು. ಈ ತಪ್ಪು ಹಿಡಿದುಕೊಟ್ಟವರು ನಮ್ಮ ಮನೆಯ ಯಜಮಾನರು ಪುಟ್ಟಬಸವಯ್ಯ.'

ಏಳಕ್ಕೆ ಉತ್ತರ ಬಂತು. ಸದ್ದು ಸೇರಿಸಿದ್ದಾರೆ. ಹೆಸರಿನ ಪಟ್ಟಿ ಐದಕ್ಕೇ ಮುಚ್ಚಿದೆ, ಅವನ ಹೆಸರಿಲ್ಲ. ಆದರೆ ಅವರ ವೆಬ್‌ಸೈಟಿನ ಮೊದಲ ಪುಟದಲ್ಲಿ, ಕಪ್ಪು ಚೌಕಟ್ಟಿನೊಳಗೆ ಒಂದು ಸಾಲು: 'ದಿವಂಗತ ಪುಟ್ಟಬಸವಯ್ಯನವರ ನೆನಪಿಗೆ.' ಕೆಳಗೆ ಹನ್ನೊಂದು ದೇಶದವರ ಸಂತಾಪ.

ಹಿಂದೆ ಕೆಮ್ಮು ಕೇಳಿಸಿತು. ಪುಟ್ಟಬಸವಯ್ಯ ಕನ್ನಡಕ ಏರಿಸಿಕೊಂಡು ನಿಂತಿದ್ದರು.

"ಇಂಗ್ಲಿಷ್ನಲ್ಲಿ ನನ್ನೆಸ್ರು ಅಂಗೇ ಕಾಣ್ತದಲ್ಲಾ! ಏನಂತ ಬರ್ದವ್ರೆ?"

"ನಿಮ್ಮನ್ನ... ನೆನಸ್ಕಂಡವ್ರೆ, ಯಜಮಾನ್ರೆ."

"ತೆಗಿ ಪ್ರಿಂಟು. ನಾಳೆ ನರಸೀಪುರಕ್ಕೆ ಓಗ್ತಾ ಇವ್ನಿ. ನಿನ್ ಕೆಲ್ಸ ಎಂಥದು ಅಂತ ನಿಮ್ಮಪ್ಪಂಗೆ ನಾನೇ ತೋರುಸ್ತೀನಿ."