ಬಿರುಕಿನ ವ್ಯಾಪಾರಿಯ ಮಗಳು

ಜಗತ್ತಿನಲ್ಲಿ ಕೆಲವು ಕಸುಬುಗಳಿವೆ. ಮಂದಿಗೆ ತೊಂದರೆ ಆಗಲಿ ಎಂದು ದೇವರಲ್ಲಿ ಬೇಡಿಕೊಳ್ಳುವಂತಿಲ್ಲ, ಆಗದೇ ಹೋದರೆ ನಮ್ಮ ಒಲೆ ಹೊತ್ತುವುದಿಲ್ಲ. ನನ್ನದು ಅಂಥ ಕಸುಬು. ನರಗುಂದದಲ್ಲಿ ನನ್ನದೊಂದು ಸಿಮೆಂಟು, ಸುಣ್ಣಬಣ್ಣದ ಅಂಗಡಿ. ನಮ್ಮ ಕಡೆಯದೆಲ್ಲ ಎರೆಭೂಮಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮನೆಯನ್ನೇ ಎತ್ತಲು ನೋಡುತ್ತದೆ. ಅದರ ಮೇಲೆ ಕಟ್ಟಿದ ಗೋಡೆ ಬಿರಿಯದೆ ಏನು ಮಾಡೀತು? ಗೋಡೆ ಬಿರಿದವರು ಬಿರುಕಿಗೆ ಮೆತ್ತುವ ಪುಟ್ಟಿ ಕೊಳ್ಳಲು ನನ್ನಲ್ಲಿಗೆ ಬರುತ್ತಾರೆ. ಮುಂದಿನ ವರ್ಷ ಮತ್ತೆ ಬರುತ್ತಾರೆ. ಇಷ್ಟು ನಿಷ್ಠೆಯ ಗಿರಾಕಿಗಳು ಬಂಗಾರದ ಅಂಗಡಿಗೂ ಇರಲಿಕ್ಕಿಲ್ಲ.

ನನ್ನ ಸ್ವಂತ ಮನೆಯ ಸಂಗತಿ ಹೇಳಲು ಸ್ವಲ್ಪ ನಾಚಿಕೆ. ತಲೆಬಾಗಿಲ ಮೇಲಿಂದ ಮಾಳಿಗೆಯ ತನಕ ಒಂದು ಬಿರುಕಿದೆ. ಪುಟ್ಟಿ ಮೆತ್ತಿ ಮೆತ್ತಿ ಸೋತು ಈಗ ಕ್ಯಾಲೆಂಡರು ತೂಗುಹಾಕಿದ್ದೇನೆ. ಬಿರುಕು ಬೆಳೆದಂತೆಲ್ಲ ಇನ್ನೂ ದೊಡ್ಡ ಕ್ಯಾಲೆಂಡರು ಹುಡುಕಬೇಕಾಗುತ್ತದೆ. ಆ ಬಾಗಿಲು ಮಳೆಗಾಲದಲ್ಲಿ ಮುಚ್ಚುವುದಿಲ್ಲ, ಬೇಸಿಗೆಯಲ್ಲಿ ಮುಚ್ಚಿದರೂ ಬೆಕ್ಕಿಗೆ ಅಡ್ಡಿಯಿಲ್ಲ. "ಊರ ಮಂದಿ ಗ್ವಾಡಿಗೆಲ್ಲಾ ಔಷಧ ಕೊಡ್ತೀರಿ, ನಮ್ಮ ಗ್ವಾಡಿ ಏನ್ ಪಾಪ ಮಾಡೈತ್ರಿ?" ಎಂದು ನನ್ನ ಹೆಂಡತಿ ಮೆಹಬೂಬಿ ಕೇಳುತ್ತಾಳೆ. ಮನೆಯೊಳಗೆ ನಮ್ಮದು ಉರ್ದು. ಸಿಟ್ಟು, ಸಂಕಟ ಬಂದಾಗ ಮಾತ್ರ ಕನ್ನಡಕ್ಕೆ ಇಳಿಯುತ್ತೇವೆ. ಹಾಗಾಗಿ ಇಲ್ಲಿ ನಿಮಗೆ ಕೇಳಿಸುವ ಮಾತೆಲ್ಲ ಕನ್ನಡವೇ.

ನಮ್ಮ ಒಬ್ಬಳೇ ಮಗಳು ನಾಜಿಯಾ ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಹೆಚ್ಚಿನ ಓದಿಗೆ ಆಸ್ಟ್ರೇಲಿಯಾಕ್ಕೆ ಹೋದಳು. ಚಿಕ್ಕಂದಿನಲ್ಲಿ ನರಗುಂದದ ಗುಡ್ಡ ನೋಡುತ್ತ, ಇದಕ್ಕಿಂತ ಎತ್ತರದ ಕಟ್ಟಡ ಕಟ್ಟುತ್ತೇನೆ ಎನ್ನುತ್ತಿದ್ದವಳು. ಅವಳು ಆಡಿದ್ದು ಒಮ್ಮೆ, ನಾನು ಸಾರಿದ್ದು ಊರೂರಿಗೆ. ರೋಣದ ಬಸ್ಸಿನ ಕಂಡಕ್ಟರನಿಗೂ ಗೊತ್ತು, ಗಜೇಂದ್ರಗಡದ ನೆಂಟರಿಗಂತೂ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು.

ಒಂದು ಮುಂಜಾನೆ ಅವಳ ವಿಡಿಯೊ ಫೋನು ಬಂತು. ನನ್ನ ಆರೋಗ್ಯ ಕೇಳುವುದು ಬಿಟ್ಟು, "ಅಬ್ಬಾ, ಕ್ಯಾಲೆಂಡರ್ ಸರಿಸಿ ಆ ಬಿರುಕು ತೋರಸು" ಎಂದಳು. ತೋರಿಸಿದೆ. ಅಜ್ಜಿಯ ಮುಖ ನೋಡಿದ ಹಾಗೆ ಬಹಳ ಹೊತ್ತು ನೋಡಿದಳು. ಆಮೇಲೆ ನಿಧಾನವಾಗಿ ವಿಷಯಕ್ಕೆ ಬಂದಳು. ಅಲ್ಲೂ ನಮ್ಮಂಥದ್ದೇ ಮಣ್ಣಿದೆಯಂತೆ. "ಇಲ್ಲೆ ಮನಿ ಕಟ್ಟೂಕಿಂತ ಮೊದಲ ಮಣ್ಣ ಪರೀಕ್ಷಾ ಮಾಡ್ತಾರ ಅಬ್ಬಾ. ಕ್ಲಾಸಿನ್ಯಾಗ ನಮ್ಮ ಬಾಗಲದ ಕಥಿ ಹೇಳಿದೆ. ಎಲ್ಲಾರೂ ನಕ್ಕರು, ನಮ್ಮ ಸರ್ ನಗಲಿಲ್ಲ. ನಿಮ್ಮೂರಾಗ ಇದಕ್ಕ ಏನ್ ಮಾಡ್ತೀರಿ ಅಂದ್ರು. ಪುಟ್ಟಿ ಹಚ್ತೀವಿ ಅಂತ ಹೇಳೂದಕ್ಕ ನಾಚಿಕಿ ಬಂತು."

ಎತ್ತರದ ಕಟ್ಟಡ ಕಟ್ಟುವ ಕಂಪನಿಯೊಂದು ಕೆಲಸಕ್ಕೆ ಕರೆದಿತ್ತಂತೆ. ಒಲ್ಲೆ ಎನ್ನಬೇಕೆಂದು ಮಾಡಿದ್ದಾಳಂತೆ. ಓದು ಮುಗಿಸಿ ಊರಿಗೆ ಬಂದು, ಎರೆಮಣ್ಣಿನಲ್ಲಿ ನಿಲ್ಲುವ ತಳಪಾಯ ಹಾಕಿಸುವ ಕೆಲಸ ಹಿಡಿಯುತ್ತಾಳಂತೆ.

"ಮಣ್ಣ ನೋಡಾಕ ಆಸ್ಟ್ರೇಲಿಯಾಕ್ಕ ಹೋಗಬೇಕಾಗಿತ್ತೇನು? ಹಿತ್ತಲದಾಗ ಬೇಕಾದಷ್ಟೈತಿ!" ಎಂದು ಕೂಗಿದೆ.

"ಹಿತ್ತಲದಾಗ ಇದ್ದಾಗ ನನಗ ಕಾಣಲಿಲ್ಲ ಅಬ್ಬಾ. ನೀ ಹೂಂ ಅಂದ್ರ ಬರ್ತೀನಿ. ಇಲ್ಲಂದ್ರ ಆ ಕಂಪನಿಗೇ ಸೇರ್ತೀನಿ."

ನಾನು ಹೂಂ ಎನ್ನಲಿಲ್ಲ. ಮಂದಿಯ ಮುಂದೆ ಮಾನ ಹೋಗುತ್ತದೆ ಎಂದು ಹೆಂಡತಿಗೆ ಹೇಳಿದೆ. ಹೆಣ್ಣುಮಗಳು ತಳಪಾಯದ ಮಾತಾಡಿದರೆ ಗೋಡೆ ಕಟ್ಟುವ ಯಾವ ಗೌಂಡಿ ಕೇಳುತ್ತಾನೆ ಎಂಬ ಭಯವನ್ನೂ ಹೇಳಿದೆ, ಅದು ಖರೇ ಭಯವೇ. ಹೇಳದೆ ಉಳಿದದ್ದು ಒಂದಿತ್ತು. ತಳಪಾಯ ಗಟ್ಟಿಯಾದರೆ ನನ್ನ ಪುಟ್ಟಿ ಕೊಳ್ಳುವವರು ಯಾರು? ಊರಿನ ಬಿರುಕುಗಳಿಂದ ಓದಿಸಿದ ಮಗಳು ನನ್ನ ಅಂಗಡಿಗೇ ಬೀಗ ಹಾಕಲು ಕಲಿತು ಬರುತ್ತಿದ್ದಾಳಲ್ಲ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಹೆಂಡತಿಗೆ ಅದೂ ತಿಳಿದಿತ್ತು ಎಂದು ಕಾಣುತ್ತದೆ. ಆ ವಾರವೆಲ್ಲ ಅವಳು ನನ್ನೊಡನೆ ಕನ್ನಡದಲ್ಲೇ ಮಾತಾಡಿದಳು.

ಅಷ್ಟರಲ್ಲಿ ಯಾವಗಲ್ಲು ಎಂಬ ಹಳ್ಳಿಯ ನೀಲವ್ವ ಅಂಗಡಿಗೆ ಬಂದಳು. ಕೂಲಿ ಮಾಡಿ ಎರಡು ಖೋಲಿಯ ಮನೆ ಕಟ್ಟಿಸಿಕೊಂಡವಳು. ಕಟ್ಟಿಸಿದಂದಿನಿಂದ ವರ್ಷವರ್ಷವೂ ಪುಟ್ಟಿಗೆ ಬರುತ್ತಾಳೆ. ಬಂದಾಗಲೆಲ್ಲ ಒಂದೇ ಮಾತು ಕೇಳುತ್ತಾಳೆ, ನಾನೂ ಒಂದೇ ಉತ್ತರ ಕೊಡುತ್ತೇನೆ.

"ಈ ಸಲಾರ ನಿಲ್ತೈತೇನ್ರಿ ಸಾವ್ಕಾರ್ರ? ಮಕ್ಕಳನ್ನ ಆ ಗ್ವಾಡಿ ಬಾಜೂಕ ಮಲಗಸಾಕ ಅಂಜಿಕಿ ಬರ್ತೈತ್ರಿ."

ನಿಲ್ತೈತಿ ಎನ್ನಲು ಬಾಯಿ ತೆರೆದೆ. ಕ್ಯಾಲೆಂಡರಿನ ಹಿಂದಿನ ಬಿರುಕನ್ನು ನಾಜಿಯಾ ನೋಡಿದ ರೀತಿ ನೆನಪಾಯಿತು.

"ನಿಲ್ಲಂಗಿಲ್ಲವಾ" ಎಂದೆ. "ಈ ಪುಟ್ಟಿಲೆ ಎಂದೂ ನಿಲ್ಲಂಗಿಲ್ಲ. ನಮ್ಮ ನಾಜಿಯಾ ಬರಾಕತ್ತಾಳ. ಮೊದಲ ನಿನ್ನ ಮನೀಗೇ ಕರಕೊಂಡ ಬರ್ತೀನಿ."

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಮಗಳಿಗೆ ಇನ್ನೂ ಕೊಡದ ಹೂಂ ನೀಲವ್ವನಿಗೆ ಕೊಟ್ಟುಬಿಟ್ಟಿದ್ದೆ. ಕೂಡಲೇ ಫೋನು ಕೈಗೆತ್ತಿಕೊಂಡೆ. "ಬಾ" ಎಂದಷ್ಟೇ ಹೇಳಲು ಆಯಿತು, ಮುಂದಿನದಕ್ಕೆ ಉರ್ದುವೂ ಸಿಗಲಿಲ್ಲ, ಕನ್ನಡವೂ ಸಿಗಲಿಲ್ಲ. ಆ ಕಡೆಯಿಂದ ಅಳು ಕೇಳಿಸಿತು.

ನೀಲವ್ವ ಹೋಗದೆ ನಿಂತೇ ಇದ್ದಳು. "ಬರ್ಲಿ, ಚಲೋ ಆತ್ರಿ. ಆಕಿ ಬರೂ ತನಕಾ ಒಂದ ಚೀಲ ಪುಟ್ಟಿ ಕೊಡ್ರಲಾ?" ಎಂದಳು.

ಕಣ್ಣೊರೆಸಿಕೊಂಡು ಚೀಲ ಇಳಿಸಿ ಕೊಟ್ಟೆ. ನಿಲ್ಲುವುದಿಲ್ಲ ಎಂದು ನನ್ನ ಬಾಯಿಂದಲೇ ಹೇಳಿದ ಮಾಲಿಗೆ ಪೂರ್ತಿ ದರವನ್ನೇ ತೆಗೆದುಕೊಂಡೆ.