ಕೋಳಿ ಎಂದವರು ಯಾರು?

ಸೋಲೊ ಊರಿನ ಆ ಓಣಿಯಲ್ಲಿ, ಕೇಳಿದ ಪ್ರಶ್ನೆಗೆ ಉತ್ತರ ಕೊಡದಿರುವುದು ಬಂದವರಿಗೆ ಚಹಾ ಕೊಡದಷ್ಟೇ ಅಗೌರವ. ಹಾಗಾಗಿ ಮೂರು ವರ್ಷದ ಕಿನಾಸಿಯನ್ನು ಯಾರಾದರೂ ಹೆಸರು ಕೇಳಿದರೆ, ಅವಳು ಬಾಯಿ ತೆರೆಯುವುದರೊಳಗೆ ಅಕ್ಕಪಕ್ಕದವರು ಹೇಳಿಬಿಡುತ್ತಿದ್ದರು. ಬ್ಯಾಡ್ಮಿಂಟನ್ ಆಟದಲ್ಲಿ ಪಕ್ಕದವರ ಪಾಲಿನ ಶಟಲನ್ನೂ ತಾವೇ ಹಾರಿ ಹೊಡೆಯುವ ಜೊತೆಗಾರರಂತೆ. ಮಗು ತೆರೆದ ಬಾಯಿ ಮುಚ್ಚಿಕೊಳ್ಳುತ್ತಿತ್ತು.

"ಪಾಪ, ಮಗೂಗೆ ಮಾತು ತಡ" ಎನ್ನುವವರೂ ಅವರೇ. ಅಪ್ಪ ಯತ್ನೊಗೆ ಮೈ ಉರಿಯುತ್ತಿದ್ದುದು ಅದಕ್ಕೆ.

ಇಂದು ಶಿಶುವಿಹಾರದ ಟೀಚರ್ ಬು ರಿನಿ, ಅಂದರೆ ರಿನಿ ಅಮ್ಮ, ಓಣಿಯ ಸಭಾಂಗಣಕ್ಕೆ ಬರುವವರಿದ್ದರು. ಅವರು ತೋರಿಸುವ ಚಿತ್ರಗಳಲ್ಲಿ ಒಂದನ್ನಾದರೂ ಕಿನಾಸಿ ತಾನೇ ಹೆಸರಿಸಬೇಕು. ಇಲ್ಲವಾದರೆ ಈ ವರ್ಷ ಸೇರಿಸಿಕೊಳ್ಳುವುದಿಲ್ಲ. "ಮಗೂನ ಕೇಳಿ, ಆಮೇಲೆ ಸುಮ್ನೆ ಕಾಯಿರಿ" ಎಂದು ಮೊದಲೇ ಹೇಳಿದ್ದರು.

ಬೆಳಿಗ್ಗೆ ತಿಂಡಿ ಅಂಗಡಿಯ ಬು ಸರ್ತಿ ಕೇಳಿದಳು: "ಪುಟ್ಟಿ, ಕರಿದ ತೆಂಪೆ ಬೇಕಾ?"

ಯತ್ನೊ ಕೈ ಎತ್ತಿದ. "ಯಾರೂ ಮಾತಾಡ್ಬೇಡಿ."

"ಬೇಕಂತೆ," ಎಂದ ಪಕ್ಕದ ಮನೆಯ ಅಜ್ಜ.

"ನಿಮ್ಮನ್ನ ಕೇಳಿದ್ರಾ ಅಜ್ಜ?"

"ಕೂಸು ಹಂಗೆ ಸುಮ್ನೆ ನಿಂತ್ರೆ ಸರ್ತಿಗೆ ಬೇಜಾರಾಗಲ್ವೇನಪ್ಪ?"

ಸಭಾಂಗಣಕ್ಕೆ ಇಡೀ ಓಣಿ ಧೈರ್ಯ ಹೇಳಲು ಬಂದಿತ್ತು. ಬು ರಿನಿ ಮೊದಲ ಚಿತ್ರ ಎತ್ತಿದರು. "ಬೆಕ್ಕು," ಎಂದಿತು ಓಣಿ. ಯತ್ನೊ ಎಲ್ಲರನ್ನೂ ಹೊರಗಟ್ಟಿ ಬಾಗಿಲು ಹಾಕಿದ. ಎರಡನೆಯ ಚಿತ್ರಕ್ಕೆ ಕಿಟಕಿಯಿಂದ ಅಜ್ಜನ ದನಿ ಬಂತು: "ಬಾಳೆಹಣ್ಣು ಅನ್ನು, ಪುಟ್ಟಿ."

"ಮಗು ಬಾಯೊಳಗಿನ ಮಾತನ್ನೂ ಕದೀತೀರಲ್ಲ, ನಾಚಿಕೆ ಆಗಲ್ವಾ? ಯಾರೂ ಮಾತಾಡ್ಬೇಡಿ." ಅವನು ಕಿಟಕಿಯನ್ನೂ ಬಡಿದು ಮುಚ್ಚಿದ.

ಕೊನೆಯ ಚಿತ್ರ. ಒಂದು ಕೋಳಿ.

ಕಿನಾಸಿ ಚಿತ್ರ ನೋಡಿದಳು, ಟೀಚರನ್ನು ನೋಡಿದಳು, ಗೋಡೆಯ ಹಲ್ಲಿಯನ್ನು ನೋಡಿದಳು. ಬು ರಿನಿ ಕಾದರು. ಯತ್ನೊ ಕುಳಿತಲ್ಲೇ ಮುಂದಕ್ಕೆ ಬಾಗಿದ. ಅಷ್ಟು ದೊಡ್ಡವರು ಕೇಳಿ ಇಷ್ಟು ಹೊತ್ತಾಯಿತು, ಉತ್ತರವಿಲ್ಲ. ತನ್ನ ಮನೆತನದ ಬಗ್ಗೆ ಏನೆಂದುಕೊಂಡಾರು? ಮಗುವಿನ ತುಟಿ ಮೆಲ್ಲನೆ ತೆರೆಯಿತು.

"ಕೋಳಿ," ಎಂದ ಯತ್ನೊ.

ಕಿನಾಸಿ ಅವನತ್ತ ತಿರುಗಿ ಅಂಗೈ ಎತ್ತಿದಳು. "ಯಾರೂ ಮಾತಾಡ್ಬೇಡಿ."

ಬು ರಿನಿ ಚಿತ್ರಗಳನ್ನು ಚೀಲಕ್ಕೆ ಹಾಕಿದರು. "ಮಾತು ಚೆನ್ನಾಗೇ ಬರುತ್ತೆ. ಆದ್ರೆ ಕೋಳಿ ಅಂದಿದ್ದು ನೀವು. ಬೇಕಾದ್ರೆ ನಿಮ್ಮನ್ನ ಸೇರಿಸ್ಕೋತೀನಿ. ಇವಳು ಮುಂದಿನ ವರ್ಷ ಬರಲಿ."

ಅಂಗಡಿಯ ಮುಂದೆ ಬು ಸರ್ತಿ ಕೇಳಿದಳು: "ಏನಾಯ್ತು, ಯತ್ನೊ ಅಣ್ಣ?"

ಯತ್ನೊ ಬಾಯಿ ತೆರೆದ.

"ಮುಂದಿನ ವರ್ಷವಂತೆ," ಎಂದಿತು ಇಡೀ ಓಣಿ.

ಅವನು ತೆರೆದ ಬಾಯಿ ಮುಚ್ಚಿಕೊಂಡ.