ಓಡುವ ಮಾವನ ಟಪಾಲು

ನನ್ನ ಸೋದರಮಾವ ನಡೆದದ್ದನ್ನು ಕಂಡವರು ಇದ್ದರೆ ಮುಂದೆ ಬರಲಿ! ಎಂಟು ವರ್ಷದವನಾಗುವವರೆಗೆ ನಾನಂತೂ ಕಂಡಿರಲಿಲ್ಲ. ರಾಯಚೂರಿನ ಕಾಲೇಜಿನಲ್ಲಿ ನೂರು ಮೀಟರ್ ಓಟಕ್ಕೆ ಅವನೇ ರಾಜ. ಗೆದ್ದಾಗಲೆಲ್ಲ ಹುಡುಗರು ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರು. ಬಿ.ಎ. ಮುಗಿಯಿತು ನೋಡಿ, ಕೇಳುವವರೇ ಇಲ್ಲ. ಎಪ್ಪತ್ತರ ದಶಕದಲ್ಲಿ ಬರೀ ಓಡುವವನಿಗೆ ಯಾರು ಸಂಬಳ ಕೊಡುತ್ತಾರೆ?

"ಓಡೂದು ಬಿಟ್ರ ನಾ ಯಾರಬೇ ಯವ್ವಾ?" ಎಂದು ಅಜ್ಜಿಯನ್ನು ಕೇಳಿದ.

"ಮೊದಲ ಉಣ್ಣು, ರೊಟ್ಟಿ ಆರಾಕತ್ಯಾವ" ಎಂದಳು ಅಜ್ಜಿ.

ಕೊನೆಗೆ ದೇವದುರ್ಗದಲ್ಲಿ ಪೋಸ್ಟ್‌ಮನ್ ಕೆಲಸ ಸಿಕ್ಕಿತು. ಚೀಲ, ಖಾಕಿ ಸರ್ಕಾರದ್ದು; ಕೊರಳಿನ ಸ್ಟಾಪ್‌ವಾಚ್ ಇವನದ್ದೇ! ಸೈಕಲ್ ಹತ್ತುವುದು ಕಾಲಿಗೆ ಅವಮಾನವಂತೆ.

"ಇವತ್ತು ಐವತ್ತೆರಡು ನಿಮಿಷರೀ ಸಾಹೇಬ್ರ!"

"ಅದಿರ್ಲಿ, ಟಪಾಲು ಅವರವರ ಮನಿಗೇ ಮುಟ್ಟ್ಯಾವೇನು?" ಎನ್ನುತ್ತಿದ್ದರು ಪೋಸ್ಟ್‌ಮಾಸ್ತರರು.

ನಾಯಿ ಬೆನ್ನು ಹತ್ತಿದರೆ ನಾವು ಹೆದರುತ್ತೇವೆ, ಮಾವ ಹಿಗ್ಗುತ್ತಿದ್ದ. ತಿಂಗಳೊಳಗೆ ನಾಯಿಗಳೇ ಸೋತು ಮಲಗಿದವು. "ಈ ಊರ ನಾಯಿಗೆ ಛಲಾನ ಇಲ್ಲ" ಎಂದು ಬೇಜಾರು ಮಾಡಿಕೊಂಡ.

ಒಂದು ಭಾನುವಾರ ಮನೆಗೆ ಬಂದವನು ಎದೆಯುಬ್ಬಿಸಿದ. "ಈಗ ಮಂದೀನಽ ಬೆನ್ನ ಹತ್ತತಾರಬೇ! ಮುದುಕರು ಸೈತ. ಒಬ್ಬರಿಗೂ ಸಿಕ್ಕಿಲ್ಲ!"

"ಯಾಕ ಬೆನ್ನ ಹತ್ತತಾರಂತ ಕೇಳಿಯೇನಲೇ?"

"'ನಿಂದರ್ರಿ' ಅಂತ ಕೂಗ್ತಾರ. ಸೋಲೋರು ಹಂಗಽ ಅಂತಾರ!"

ಆ ವಾರವೇ ಓಡುತ್ತಿದ್ದ ಮಾವನ ಹಿಂದೆ ಯಾರೋ ಧೊಪ್ಪನೆ ಬಿದ್ದ ಸಪ್ಪಳ. ತಿರುಗಿದರೆ ಬಳೆ ಮಾರುವ ಮುದುಕಿ ನಡುಬೀದಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದಾಳೆ, ಕೈಯಲ್ಲಿ ಎರಡು ಕಾರ್ಡು.

"ಬೇಟಾ, ನನಗ ಓದಾಕ ಬರಂಗಿಲ್ಲ. ಮೊದಲಿನಾವ ಕುಂತು ಓದಿ ಹೇಳಿ ಹೋಗ್ತಿದ್ದ."

ಊರೆಲ್ಲ ತನ್ನ ಬೆನ್ನು ಹತ್ತಿದ್ದು ಯಾತಕ್ಕೆಂದು ಮಾವನಿಗೆ ಆಗ ಹೊಳೆಯಿತು! ಅಲ್ಲೇ ಕೂತು ಓದಿದ. ಹೋದ ವಾರದ ಕಾರ್ಡು ಮಾನ್ವಿಗೆ ಕೊಟ್ಟ ಮಗಳದು: "ಹೆರಿಗಿ ಹತ್ರ ಬಂದದ, ಬಾ ಅಮ್ಮಿ." ಇವತ್ತಿನದೂ ಅವಳದೇ: "ಹೆಣ್ಣು ಹುಟ್ಟ್ಯಾಳ. ನಿನ್ನ ದಾರಿ ನೋಡಿ ನೋಡಿ ಅತ್ತೀನಿ."

ಮಾವ ಓಡಿದ. ಹೊರಟಿದ್ದ ಮಾನ್ವಿ ಬಸ್ಸಿನ ಮುಂದೆ ಕೈ ಚಾಚಿ ನಿಂತ. ಮುದುಕಿ ಬಂದು ಹತ್ತುವವರೆಗೆ ಡ್ರೈವರ್ ಬೈದರೂ ಕದಲಲಿಲ್ಲ. ಸ್ಟಾಪ್‌ವಾಚ್ ಒತ್ತುವುದೂ ಮರೆತಿತ್ತು.

ಮುಂದಿನ ಸಲ ಬಂದಾಗ ಅವನ ಕೊರಳು ಖಾಲಿ.

"ಈಗ ಯಾರೂ ಬೆನ್ನ ಹತ್ತಂಗಿಲ್ಲಬೇ" ಎಂದ, ಕಣ್ಣು ತುಂಬಿಕೊಂಡು. "ಕಟ್ಟಿ ಮ್ಯಾಲ ಕುಂತು ನನ್ನ ದಾರಿ ಕಾಯ್ತಾರ."

ಅಜ್ಜಿ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಆ ಸಂಜೆ ಮಾವ ನನ್ನ ಕೈ ಹಿಡಿದು ಬಸ್‌ಸ್ಟ್ಯಾಂಡಿನವರೆಗೂ ನಡೆದ.